ಪೋಲೀಸರ ಗುಂಡೂ ಪ್ರಜೆಗಳ ನಂಬಿಕೆಯೂ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಕಣ್ಣಾರೆ ಕಂಡುದಕ್ಕೇ ಇಷ್ಟು ಪರೀಕ್ಷೆ ಬೇಕೆಂದಮೇಲೆ, ಕಾಣದೆ ಕೇಳಿದುದಕ್ಕೆ ಎಷ್ಟು ಪರೀಕ್ಷೆ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪೋಲೀಸರ ಗುಂಡಿಗೆ ಒಬ್ಬನು ಸತ್ತನೆಂಬ ಸುದ್ದಿ ಹೀಗೆ ಕಾಣದೆ ಕೇಳುವ ಸುದ್ದಿಗಳಲ್ಲಿ ಒಂದು. ಅಂಥ ಸ್ಥಳದಲ್ಲಿ ನೀವಾಗಲಿ ನಾನಾಗಲಿ ಇರುವುದಿಲ್ಲ. ಸತ್ತವನು ಎದ್ದು ಬಂದು ಸಾಕ್ಷಿ ಹೇಳುವಂತಿಲ್ಲ. ಗುಂಡು ಹಾರಿಸಿದವರೇ ನಡೆದುದನ್ನು ಬರೆಯುತ್ತಾರೆ. ಅವರ ಮೇಲಧಿಕಾರಿಗಳು ಅದನ್ನೇ ಪತ್ರಕರ್ತರಿಗೆ ತಿಳಿಸುತ್ತಾರೆ. ಮಾರನೆಯ ಬೆಳಿಗ್ಗೆ ನಂಜನಗೂಡಿನ ಹೋಟೆಲಿನಲ್ಲಿ ಕಾಫಿಯ ಜೊತೆಗೆ ನಾವು ಅದನ್ನೇ ಓದುತ್ತೇವೆ. ಸರ್ಕಾರದ ಈ ಮಾತನ್ನು ಪ್ರಜೆಗಳು ಎಷ್ಟರ ಮಟ್ಟಿಗೆ ನಂಬಬಹುದು, ನಂಬುವಂತಾಗಬೇಕಾದರೆ ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಇಂಥ ಸುದ್ದಿಗಳನ್ನು ಕೆಲವು ಕಾಲ ಗಮನವಿಟ್ಟು ಓದಿದವರಿಗೆ ಒಂದು ವಿಚಿತ್ರ ತೋರದೆ ಇರದು. ಊರು ಬೇರೆ, ಆರೋಪಿ ಬೇರೆ, ಅಪರಾಧ ಬೇರೆ. ಆದರೆ ಕಥೆ ಒಂದೇ. ಆರೋಪಿಯನ್ನು ಸ್ಥಳ ಮಹಜರಿಗಾಗಿ ಕರೆದೊಯ್ಯುತ್ತಿದ್ದರು. ಆತನು ಪೇದೆಯ ಮೇಲೆ ಹಲ್ಲೆ ಮಾಡಿ ಪರಾರಿಯಾಗಲು ಯತ್ನಿಸಿದನು. ಇನ್‌ಸ್ಪೆಕ್ಟರು ಗಾಳಿಯಲ್ಲಿ ಗುಂಡು ಹಾರಿಸಿ ಶರಣಾಗಲು ಹೇಳಿದರು. ಕೇಳದಿದ್ದಾಗ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹೊಡೆದರು. ಪೇದೆಯೂ ಆರೋಪಿಯೂ ಆಸ್ಪತ್ರೆಯಲ್ಲಿದ್ದಾರೆ. ಈ ವಾಕ್ಯಗಳಲ್ಲಿ ಹೆಸರನ್ನೂ ಊರನ್ನೂ ಬದಲಾಯಿಸಿದರೆ ಸಾಕು, ಮತ್ತೊಂದು ದಿನದ ಸುದ್ದಿ ಸಿದ್ಧವಾಗುತ್ತದೆ. ಇವೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಇವುಗಳಲ್ಲಿ ಅನೇಕವು ಅಕ್ಷರಶಃ ನಿಜವಿರಬಹುದು. ಮಚ್ಚು ಹಿಡಿದವನ ಎದುರಿಗೆ ನಿಲ್ಲುವ ಪೇದೆಯ ಪ್ರಾಣವೂ ಪ್ರಾಣವೇ. ಆದರೆ ನಿಜವಾದುದೂ ಇದೇ ಮಾತುಗಳಲ್ಲಿ ಬಂದು, ಸುಳ್ಳಾದುದೂ ಇದೇ ಮಾತುಗಳಲ್ಲಿ ಬಂದರೆ, ಓದುವವನು ಎರಡನ್ನೂ ಬೇರ್ಪಡಿಸುವುದೆಂತು? ನಂಬಿಕೆ ಕೆಡುವುದು ಇಲ್ಲಿಯೇ.

ವೇದಾಂತಿಗಳು ಹಗ್ಗ ಹಾವುಗಳ ದೃಷ್ಟಾಂತವನ್ನು ಕೊಡುತ್ತಾರಷ್ಟೆ. ಮಬ್ಬು ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಕಂಡು ಕೋಲೆತ್ತಿದವನನ್ನು ಯಾರೂ ದೂರುವುದಿಲ್ಲ. ಆಟಿಕೆಯ ಬಂದೂಕಿನ ಪ್ರಶ್ನೆಯೂ ಇಂಥದೇ. ನಂಜನಗೂಡಿನ ದೊಡ್ಡ ಜಾತ್ರೆಗೆ ಹೋದ ಹುಡುಗರು ರೀಲು ಪಟಾಕಿ ಹೊಡೆಯುವ ಪಿಸ್ತೂಲಿಗಾಗಿ ಅತ್ತು ಕರೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಯಲ್ಲಿ ಕಳ್ಳ-ಪೋಲೀಸ್ ಆಟ ಆಡಿದವರೂ ನಮ್ಮಲ್ಲಿ ಅನೇಕರು. ಆದರೆ ಈಗಿನ ಕಾರ್ಖಾನೆಗಳು ಮಾಡುವ ಕೆಲವು ಆಟಿಕೆಗಳನ್ನು ನಾಲ್ಕು ಮಾರು ದೂರದಿಂದ ನೋಡಿದರೆ, ಬಂದೂಕನ್ನು ದಿನವೂ ಹಿಡಿಯುವವನಿಗೂ ಅಸಲು ನಕಲು ತಿಳಿಯದು. ಅಂಥದನ್ನು ತೋರಿಸಿ ದೋಚುವ ಕಳ್ಳರೂ ಉಂಟು. ಇಂಥದೊಂದು ಕೈಯಲ್ಲಿರುವವನ ಮೇಲೆ ಪೋಲೀಸನು ಗುಂಡು ಹಾರಿಸಿದರೆ, ಅದನ್ನು ಒಡನೆಯೇ ಕೊಲೆಯೆನ್ನುವುದು ನ್ಯಾಯವಲ್ಲ. ಆದರೆ ಹೊಡೆದದ್ದು ಹಗ್ಗವೆಂದು ಬೆಳಗಾದಮೇಲೆ ತಿಳಿದಾಗಲೂ, ಅದು ಹೆಡೆಯೆತ್ತಿ ಬುಸುಗುಟ್ಟಿತ್ತೆಂದು ಊರಿಗೆಲ್ಲ ಸಾರಿದರೆ ಅದನ್ನು ಭ್ರಮೆಯೆನ್ನಲಾಗದು. ಅದಕ್ಕೆ ಬೇರೆಯೇ ಹೆಸರುಂಟು.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ೨೦೧೪ನೆಯ ನವೆಂಬರ್ ೨೨ರಂದು ನಡೆದ ಸಂಗತಿಯನ್ನು ಇಲ್ಲಿ ನೆನೆಯಬೇಕು. ಟಮೀರ್ ರೈಸ್ ಎಂಬ ಹನ್ನೆರಡು ವರ್ಷದ ಬಾಲಕನು ಉದ್ಯಾನದಲ್ಲಿ ಆಟಿಕೆಯ ಪಿಸ್ತೂಲನ್ನು ಹಿಡಿದು ಆಡುತ್ತಿದ್ದನು. ಕಂಡವರೊಬ್ಬರು ಪೋಲೀಸರಿಗೆ ದೂರವಾಣಿಯಲ್ಲಿ ತಿಳಿಸಿದರು. ಅದು ಬಹುಶಃ ನಕಲಿಯೆಂದೂ, ಹಿಡಿದವನು ಬಹುಶಃ ಹುಡುಗನೆಂದೂ ಅವರು ಹೇಳಿದ್ದರು. ಆದರೆ ಆ ಮಾತು ಸ್ಥಳಕ್ಕೆ ಹೊರಟ ಪೋಲೀಸರಿಗೆ ತಲುಪಲೇ ಇಲ್ಲ. ಕಾರು ಬಂದು ನಿಂತಿತು, ಗುಂಡು ಹಾರಿತು, ಮಾರನೆಯ ದಿನ ಬಾಲಕನು ಸತ್ತನು. ಮೂರು ಬಾರಿ ಎಚ್ಚರಿಕೆ ಕೊಟ್ಟೆವೆಂದು ಪೋಲೀಸರ ಕಡೆಯವರು ಹೇಳಿದರು. ಅಲ್ಲಿದ್ದ ಕ್ಯಾಮೆರಾದ ಚಿತ್ರವನ್ನು ನೋಡಿದಾಗ, ಕಾರು ಬಂದು ಎರಡು ಸೆಕೆಂಡಿನೊಳಗೆ ಗುಂಡು ಹಾರಿತ್ತೆಂದು ತಿಳಿಯಿತು. ಎರಡು ಸೆಕೆಂಡಿನಲ್ಲಿ ಮೂರು ಎಚ್ಚರಿಕೆಗಳೆ ಎಂದು ಲೋಕವೆಲ್ಲ ಕೇಳಿತು. ಗುಂಡು ಹಾರಿಸಿದವನ ಮೇಲೆ ಮೊಕದ್ದಮೆ ನಡೆಯಲಿಲ್ಲ. ನಗರಸಭೆ ೨೦೧೬ರಲ್ಲಿ ಬಾಲಕನ ಕುಟುಂಬಕ್ಕೆ ಅರುವತ್ತು ಲಕ್ಷ ಡಾಲರು ಕೊಡಲೊಪ್ಪಿತು. ೨೦೧೭ರಲ್ಲಿ ಆ ಪೋಲೀಸನ ಕೆಲಸ ಹೋಯಿತು. ಅದಕ್ಕೆ ಕಾರಣ ಬಾಲಕನ ಸಾವಲ್ಲ, ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲಿ ಸುಳ್ಳು ಬರೆದುದು!

ಆಟಿಕೆಗಳನ್ನು ಕುರಿತ ಕಾನೂನು ಅಲ್ಲಿ ಇಲ್ಲದೆ ಇರಲಿಲ್ಲ. ಆಟಿಕೆಯ ಬಂದೂಕಿನ ತುದಿಗೆ ಕಿತ್ತಳೆ ಬಣ್ಣವಿರಬೇಕೆಂದು ಅಮೆರಿಕ ೧೯೮೮ರಲ್ಲಿಯೇ ವಿಧಿಸಿತ್ತು. ಈ ಬಾಲಕನ ಪಿಸ್ತೂಲಿನ ತುದಿ ಕಳಚಿಹೋಗಿತ್ತು. ಬ್ರಿಟನ್ನು ೨೦೦೬ರ ಕಾಯಿದೆಯಿಂದ ಅಸಲಿನಂತೆಯೇ ಕಾಣುವ ನಕಲಿಗಳ ಮಾರಾಟವನ್ನು ನಿರ್ಬಂಧಿಸಿತು. ಇಂಥ ನಿಯಮಗಳು ಒಳ್ಳೆಯವೇ. ಆದರೆ ಇದೇ ಬ್ರಿಟನ್ನಿನಲ್ಲಿ, ೧೯೯೯ರಲ್ಲಿ, ಚೀಲದಲ್ಲಿ ಮೇಜಿನ ಕಾಲನ್ನು ಇಟ್ಟುಕೊಂಡು ಮನೆಗೆ ಹೋಗುತ್ತಿದ್ದ ಹ್ಯಾರಿ ಸ್ಟ್ಯಾನ್ಲಿ ಎಂಬಾತನು ಲಂಡನ್ ಪೋಲೀಸರ ಗುಂಡಿಗೆ ಬಲಿಯಾದನು. ಮೇಜಿನ ಕಾಲಿಗೆ ಯಾವ ಬಣ್ಣ ಬಳಿಯುವುದು? ಆದುದರಿಂದ ಬಣ್ಣದಿಂದ ಪ್ರಶ್ನೆ ತೀರುವುದಿಲ್ಲ. ಗುಂಡು ಹಾರಿದಮೇಲೆ ನಿಜವನ್ನು ಯಾರು ಹುಡುಕುತ್ತಾರೆ, ಯಾರು ಹೇಳುತ್ತಾರೆ ಎಂಬುದೇ ಮೂಲಪ್ರಶ್ನೆ.

ಈಗ ನಮ್ಮ ದೇಶಕ್ಕೆ ಬರೋಣ. ೨೦೧೯ರ ನವೆಂಬರಿನಲ್ಲಿ ಹೈದರಾಬಾದಿನ ಬಳಿ ಪಶುವೈದ್ಯೆಯೊಬ್ಬಳ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆಯಿಂದ ದೇಶವೇ ಕುದಿಯಿತು. ಡಿಸೆಂಬರ್ ೬ರ ಬೆಳಗಿನ ಜಾವ, ನಾಲ್ವರು ಆರೋಪಿಗಳನ್ನು ಸ್ಥಳಕ್ಕೆ ಕರೆದೊಯ್ದ ಪೋಲೀಸರು ಅವರನ್ನು ಗುಂಡಿಟ್ಟು ಕೊಂದರು. ಆರೋಪಿಗಳು ಪಿಸ್ತೂಲುಗಳನ್ನು ಕಿತ್ತುಕೊಂಡು ತಮ್ಮ ಮೇಲೆ ದಾಳಿ ಮಾಡಿದರೆಂದು ಪೋಲೀಸರು ಹೇಳಿದರು. ಜನ ಪೋಲೀಸರ ಮೇಲೆ ಹೂವೆರಚಿದರು. ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಸಿರ್ಪುರ್ಕರ್ ಅವರ ಅಧ್ಯಕ್ಷತೆಯಲ್ಲಿ ಮೂವರ ಆಯೋಗವನ್ನು ನೇಮಿಸಿತು. ಅದರಲ್ಲಿ ಒಬ್ಬರು ಸಿ.ಬಿ.ಐ.ನ ನಿರ್ದೇಶಕರಾಗಿದ್ದ ಡಿ. ಆರ್. ಕಾರ್ತಿಕೇಯನ್. ಪೋಲೀಸರ ಕಷ್ಟವನ್ನು ಅರಿಯದವರ ಆಯೋಗವೆಂದು ಅದನ್ನು ತಳ್ಳಿಹಾಕುವಂತಿರಲಿಲ್ಲ. ೨೦೨೨ರ ಮೇ ತಿಂಗಳಲ್ಲಿ ಬಹಿರಂಗವಾದ ಅದರ ವರದಿ ಪಿಸ್ತೂಲು ಕಿತ್ತುಕೊಂಡರೆಂಬ ಕಥೆಯನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ, ಹತ್ತು ಮಂದಿ ಪೋಲೀಸರ ಮೇಲೆ ಕೊಲೆಯ ವಿಚಾರಣೆ ನಡೆಯಬೇಕೆಂದೂ, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಅದು ಹೇಳಿತು. ಮುಂದಿನ ಕ್ರಮಕ್ಕಾಗಿ ವಿಷಯ ತೆಲಂಗಾಣದ ಹೈಕೋರ್ಟಿಗೆ ಹೋಯಿತು. ಎರಚಿದ ಹೂವು ಬಾಡಿ ಎರಡು ವರ್ಷಗಳಾದಮೇಲೆ ವರದಿ ಬಂದಿತು. ಹೂವೆರಚಿದವರಲ್ಲಿ ಎಷ್ಟು ಮಂದಿ ಅದನ್ನು ಓದಿದರೊ!

ಈ ರೋಗ ನೆರೆರಾಜ್ಯದ್ದೆಂದು ನಾವು ಸಮಾಧಾನಪಡುವಂತಿಲ್ಲ. ೨೦೨೧ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ, ಹೈದರಾಬಾದಿನ ಮಾದರಿಯೇ ಆಗಬೇಕೆಂಬ ಕೂಗು ಬೀದಿಯಲ್ಲಿಯೂ ಕೇಳಿಸಿತು, ಜನಪ್ರತಿನಿಧಿಗಳ ಬಾಯಲ್ಲಿಯೂ ಕೇಳಿಸಿತು. ೨೦೨೫ರ ಏಪ್ರಿಲ್ ೧೩ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಹಸುಳೆಯ ಕೊಲೆ ನಡೆಯಿತು. ಅದೇ ದಿನ ಆರೋಪಿಯೂ ಪೋಲೀಸರ ಗುಂಡಿಗೆ ಸತ್ತನು. ಆತನು ಕಲ್ಲು ತೂರಿ ಓಡಲು ಯತ್ನಿಸಿದನೆಂಬುದು ಪೋಲೀಸರ ಹೇಳಿಕೆ. ತನಿಖೆಯನ್ನು ಸಿ.ಐ.ಡಿ.ಗೆ ಒಪ್ಪಿಸಲಾಯಿತು, ನಾಗರಿಕ ಹಕ್ಕುಗಳ ಸಂಘಟನೆಯವರು ಹೈಕೋರ್ಟಿನ ಮೊರೆಹೊಕ್ಕರು. ಆ ಮಗುವನ್ನು ನೆನೆದರೆ ಯಾರ ಕರುಳು ಕಿವುಚುವುದಿಲ್ಲ? ಆದರೆ ಹೆತ್ತವರ ದುಃಖವು ಸತ್ಯದ ವಿಚಾರಣೆಯಿಂದ ಕಡಮೆಯಾಗುವುದೇ ಹೊರತು, ವಿಚಾರಣೆಯೇ ಇಲ್ಲದೆ ಮುಗಿದ ಕಥೆಯಿಂದ ಅಲ್ಲ. ನಿಜವಾದ ಅಪರಾಧಿ ಇವನೇ ಎಂದು ನ್ಯಾಯಾಸ್ಥಾನದಲ್ಲಿ ಸಿದ್ಧವಾಗುವ ಮೊದಲೇ ಆರೋಪಿ ಸತ್ತರೆ, ಆ ಸಂದೇಹ ಎಂದೆಂದಿಗೂ ತೀರದೆ ಉಳಿಯುತ್ತದೆ.

ಸರ್ಕಾರದ ಮಾತಿಗೂ ಜನರ ಮಾತಿಗೂ ಹೊಂದಿಕೆಯಿಲ್ಲದುದು ನಮ್ಮ ನಾಡಿನಲ್ಲಿ ಹೊಸತಲ್ಲ. ೧೯೩೮ರ ಏಪ್ರಿಲ್ ೨೫ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿದಾಗ ಸತ್ತವರ ಸಂಖ್ಯೆಯ ವಿಷಯದಲ್ಲಿಯೇ ಸಂಸ್ಥಾನದ ಸರ್ಕಾರಕ್ಕೂ ಕಾಂಗ್ರೆಸಿನವರಿಗೂ ಒಮ್ಮತವಿರಲಿಲ್ಲ. ೧೯೪೭ರ ಸೆಪ್ಟೆಂಬರಿನಲ್ಲಿ, ಮೈಸೂರು ಚಲೋ ಚಳವಳಿಯಲ್ಲಿ, ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಮೈಸೂರಿನ ವೃತ್ತಕ್ಕೆ ಇಂದಿಗೂ ಇದೆ. ಬಸ್ಸಿಗಾಗಿ ಅಲ್ಲಿ ನಿಲ್ಲುವ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಆತನೂ ತಮ್ಮಂತೆ ವಿದ್ಯಾರ್ಥಿಯೇ ಎಂದು ಬಲ್ಲವರು ಕಡಮೆ.

ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾದರೆ, ತಿರುಮಕೂಡಲಿನಿಂದ ಪೂರ್ವಕ್ಕೆ ಹೋದರೆ ಸಾಕು. ಕೊಳ್ಳೇಗಾಲದ ಸೀಮೆ ೧೯೯೭ರವರೆಗೆ ನಮ್ಮ ಜಿಲ್ಲೆಯದೇ ಆಗಿತ್ತು. ಅಲ್ಲಿನ ಕಾಡುಗಳಲ್ಲಿ ವೀರಪ್ಪನ್ ಮಾಡಿದ ಕ್ರೌರ್ಯವನ್ನು ಯಾರೂ ಮರೆಯಲಾರರು. ೧೯೯೧ರಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್, ೧೯೯೨ರಲ್ಲಿ ಮೈಸೂರಿನ ಪೋಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಆತನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಆದರೆ ಆತನನ್ನು ಹಿಡಿಯಲು ಹೋದ ವಿಶೇಷ ಕಾರ್ಯಪಡೆಯಿಂದ ಕಾಡಂಚಿನ ಬಡವರು ಪಟ್ಟ ಪಾಡು ಬಹುಕಾಲ ಸರ್ಕಾರದ ಯಾವ ವರದಿಯಲ್ಲಿಯೂ ಕಾಣಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೧೯೯೯ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿದಮೇಲೆಯೇ ಆ ಜನರ ಮಾತನ್ನು ಒಬ್ಬರು ಕುಳಿತು ಬರೆದುಕೊಂಡದ್ದು. ೨೦೦೧ರಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ವರ್ಷಗಟ್ಟಲೆ ಸೆರೆಯಲ್ಲಿದ್ದ ಬಹುಮಂದಿಯನ್ನು ಬಿಡುಗಡೆಮಾಡಿತು. ೨೦೦೭ರಲ್ಲಿ ಎಂಬತ್ತೊಂಬತ್ತು ಮಂದಿಗೆ ಒಟ್ಟು ೨ ಕೋಟಿ ೮೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಪರಿಹಾರ ಬಂದಿತು ಸರಿ. ಹೋದ ನಂಬಿಕೆಯನ್ನು ತರುವ ಖಜಾನೆ ಯಾವುದು?

ಕಾನೂನು ಏನು ಹೇಳುತ್ತದೆಂಬುದನ್ನು ಈಗ ವಿಚಾರಮಾಡೋಣ. ಪೋಲೀಸರ ಮಾತನ್ನು ಪರೀಕ್ಷಿಸದೆ ನಂಬಬಾರದೆಂಬುದು ನಮ್ಮ ಕಾನೂನಿನ ಹಳೆಯ ನೀತಿ. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂದು ೧೮೭೨ರ ಸಾಕ್ಷ್ಯ ಕಾಯಿದೆಯೇ ಹೇಳಿತ್ತು. ಅದರ ಸ್ಥಾನಕ್ಕೆ ಬಂದ ೨೦೨೩ರ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಆದರೆ ಆರೋಪಿ ಹೇಳಿದ ಮಾತಿನಿಂದ ಯಾವುದಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಆದಕಾರಣವೇ ಆರೋಪಿಯನ್ನು ಠಾಣೆಯಿಂದ ಹೊರಕ್ಕೆ, ಕತ್ತಿಯನ್ನೊ ಬಟ್ಟೆಯನ್ನೊ ಬಚ್ಚಿಟ್ಟ ಸ್ಥಳಕ್ಕೆ ಕರೆದೊಯ್ಯುವುದು. ಆ ದಾರಿಯಲ್ಲಿಯೇ ಇಷ್ಟೊಂದು ಗುಂಡುಗಳು ಹಾರುತ್ತವೆ. ನಡೆದುದಕ್ಕೆ ಸಾಕ್ಷಿಗಳೆಂದು ಮಹಜರಿಗೆ ಸಹಿ ಹಾಕುವ ಪಂಚರು ಯಾರು?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ವಿಷಯವನ್ನು ಪುಸ್ತಕದಿಂದ ಮಾತ್ರ ಕಲಿಯಬೇಕಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಪಂಪ್‌ಸೆಟ್ಟಿನ ಕಳವಿನ ಸಂಬಂಧವಾಗಿ ಮಹಜರು ನಡೆಯಿತು. ಗದ್ದೆಯಿಂದ ಬರುತ್ತಿದ್ದ ನಮ್ಮ ಅಪ್ಪನನ್ನು ನಾಲೆಯ ಏರಿಯ ಮೇಲೆ ನಿಲ್ಲಿಸಿ, ‘ಬಾರಯ್ಯ, ಇಲ್ಲೊಂದು ಹೆಬ್ಬೆಟ್ಟು ಒತ್ತು’ ಎಂದರು. ಅಪ್ಪ ಒತ್ತಿದನು. ಅದರಲ್ಲಿ ಏನಿದೆಯೆಂದು ಯಾರೂ ಓದಿ ಹೇಳಲಿಲ್ಲ. ಎರಡು ವರ್ಷವಾದಮೇಲೆ ಕೋರ್ಟಿನಿಂದ ಸಮನ್ಸು ಬಂದಿತು. ಆರೋಪಿ ಮೋಟಾರನ್ನು ತೋರಿಸಿದುದನ್ನು ಬೆಳಿಗ್ಗೆ ಹತ್ತು ಗಂಟೆಯಿಂದ ನಿಂತು ನೋಡಿದೆನೆಂದು ಅಪ್ಪನ ಹೆಸರಿನಲ್ಲಿ ಬರೆದಿತ್ತು. ಅಪ್ಪ ಅಲ್ಲಿಗೆ ಬಂದದ್ದು ಮಧ್ಯಾಹ್ನ. ವಕೀಲರ ಪ್ರಶ್ನೆಗೆ ಅಪ್ಪ ಇದ್ದದ್ದನ್ನು ಇದ್ದಂತೆ ಹೇಳಿದನು, ಕೇಸು ಬಿದ್ದುಹೋಯಿತು. ‘ಯಾಕಪ್ಪ ಓದಿಸ್ಕೊಳ್ದೆ ಒತ್ತಿದೆ?’ ಎಂದು ಕೇಳಿದರೆ, ‘ಬರ್ದೋರು ಓದಿದ್ದೋರು ಕಣ್ಮಗ, ಸುಳ್ ಬರ್ದಾರಾ?’ ಎಂದನು. ಕಳ್ಳನು ನಿಜವಾಗಿ ಅವನೇ ಇದ್ದಿರಲೂಬಹುದು. ಆದರೆ ಅವಸರದಲ್ಲಿ ಬರೆದ ಒಂದು ಸುಳ್ಳು ವೇಳೆಯಿಂದ ನಿಜವಾದ ಮೊಕದ್ದಮೆಯೂ ಕೆಟ್ಟಿತು. ಓದಿದವರು ಸುಳ್ಳು ಬರೆಯಲಾರರೆಂಬ ನಮ್ಮ ಅಪ್ಪನ ಆ ನಂಬಿಕೆಯೇ ಸರ್ಕಾರದ ನಿಜವಾದ ಬಂಡವಾಳ. ಅದು ಒಮ್ಮೆ ಕರಗಿದರೆ, ಪಂಪ್‌ಸೆಟ್ಟಿನ ಮಹಜರನ್ನೇ ನಂಬದವನು ಗುಂಡೇಟಿನ ಮಹಜರನ್ನು ನಂಬುವನೆ?

ನಮಗೆ ನಿಯಮಗಳ ಕೊರತೆಯೇನೂ ಇಲ್ಲ. ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನಮ್ಮ ನಾಡಿನ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು ೧೯೯೭ರಲ್ಲಿಯೇ ಎಲ್ಲ ಮುಖ್ಯಮಂತ್ರಿಗಳಿಗೂ ಈ ವಿಷಯವಾಗಿ ಪತ್ರ ಬರೆದರು. ೨೦೧೪ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹದಿನಾರು ನಿರ್ದೇಶನಗಳನ್ನು ಕೊಟ್ಟಿತು. ಪೋಲೀಸರ ಗುಂಡಿನಿಂದಾದ ಪ್ರತಿಯೊಂದು ಸಾವಿಗೂ ಮೊಕದ್ದಮೆ ದಾಖಲಾಗಬೇಕು, ತನಿಖೆಯನ್ನು ಸಿ.ಐ.ಡಿ.ಯವರು ಅಥವಾ ಬೇರೆ ಠಾಣೆಯವರು ಮಾಡಬೇಕು. ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಘಟನೆ ನಡೆದ ಕೂಡಲೆ ಬಡ್ತಿಯನ್ನಾಗಲಿ ಶೌರ್ಯಪದಕವನ್ನಾಗಲಿ ಕೊಡಬಾರದು. ೨೦೨೦ರಲ್ಲಿ ಅದೇ ನ್ಯಾಯಾಲಯ ಪ್ರತಿಯೊಂದು ಠಾಣೆಯಲ್ಲಿಯೂ ಧ್ವನಿ ಸಹಿತವಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳಿರಬೇಕೆಂದು ಆಜ್ಞಾಪಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಶೋಧನೆಯನ್ನೂ ವಸ್ತುಗಳ ವಶವನ್ನೂ ಧ್ವನಿ-ಚಿತ್ರಗಳಲ್ಲಿ ದಾಖಲಿಸಬೇಕೆನ್ನುತ್ತದೆ. ಇಷ್ಟಾದರೂ ಆ ದಾರಿಯ ಚಿತ್ರ ಪ್ರಜೆಗಳಿಗೆ ಕಾಣುವುದು ಅಪರೂಪ.

ಇದಕ್ಕೆ ಎದುರು ವಾದಗಳೂ ಉಂಟು. ಮೊದಲನೆಯದಾಗಿ, ನ್ಯಾಯಾಲಯಗಳಲ್ಲಿ ಮೊಕದ್ದಮೆ ಹತ್ತಾರು ವರ್ಷ ಎಳೆಯುತ್ತದೆ, ಆದುದರಿಂದ ಗುಂಡೇ ಮೇಲು ಎನ್ನುವರು. ಆದರೆ ಬಂಡಿ ನಿಧಾನವಾದರೆ ಎತ್ತುಗಳನ್ನು ಬಲಪಡಿಸಬೇಕಲ್ಲದೆ ಬಂಡಿಯನ್ನು ಸುಡುವುದು ಜಾಣತನವಲ್ಲ. ಎರಡನೆಯದಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಿರ್ಧರಿಸಬೇಕಾದ ಪೇದೆಯನ್ನು ನಾವು ಕುರ್ಚಿಯಲ್ಲಿ ಕುಳಿತು ಅಳೆಯಬಾರದು ಎನ್ನುವರು. ಈ ಮಾತು ಸರಿ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ನಮಗೆಲ್ಲರಿಗೂ ಕೊಟ್ಟಂತೆ ಪೇದೆಗೂ ಕೊಟ್ಟಿದೆ. ಆದರೆ ಗುಂಡು ಹಾರಿಸಲು ಕಾಲವಿಲ್ಲದಿರಬಹುದು. ವರದಿ ಬರೆಯಲು ಕಾಲವುಂಟಲ್ಲ! ನಾವು ಕೇಳುವುದು ಆ ಎರಡನೆಯದರ ಲೆಕ್ಕವನ್ನು. ಮೂರನೆಯದಾಗಿ, ಇಂಥ ಪ್ರಶ್ನೆಗಳಿಂದ ಪೋಲೀಸರ ಸ್ಥೈರ್ಯ ಕುಂದುವುದೆನ್ನುವರು. ನಿಜವಾಗಿ ಪ್ರಾಣಾಪಾಯದಲ್ಲಿ ಗುಂಡು ಹಾರಿಸಿದ ಪೇದೆಯ ಮಾತನ್ನೂ ಜನ ನಂಬದೆ ನಕ್ಕರೆ ಅವನ ಸ್ಥೈರ್ಯ ಹೆಚ್ಚುವುದೆ? ಒಬ್ಬನ ಸುಳ್ಳು ವರದಿ ನೂರು ಮಂದಿ ಪ್ರಾಮಾಣಿಕರ ನಿಜವನ್ನು ತಿಂದುಹಾಕುತ್ತದೆ.

ಹಾಗಾದರೆ ಆಗಬೇಕಾದುದೇನು? ಘಟನೆಯ ದಿನವೇ ಪೂರ್ಣ ಕಥೆಯನ್ನು ಹೇಳುವ ಪದ್ಧತಿ ನಿಲ್ಲಬೇಕು. ಗೊತ್ತಿರುವಷ್ಟನ್ನು ಹೇಳಿ, ಉಳಿದುದು ತನಿಖೆಯಿಂದ ತಿಳಿಯಬೇಕೆಂದರೆ ಯಾರ ಗೌರವವೂ ಕಡಮೆಯಾಗದು. ಆರೋಪಿಯನ್ನು ಮಹಜರಿಗೆ ಕರೆದೊಯ್ಯುವ ಪೋಲೀಸರ ಮೈಮೇಲೆ ಕ್ಯಾಮೆರಾ ಇರಬೇಕು. ಅದು ನಿಂತುಹೋಗಿದ್ದರೆ ಏಕೆ ನಿಂತಿತೆಂದು ಅಧಿಕಾರಿ ಉತ್ತರಿಸಬೇಕು. ಸಿಕ್ಕಿದ ಪಿಸ್ತೂಲು ಅಸಲೊ ಆಟಿಕೆಯೊ, ಅದರ ಮೇಲೆ ಯಾರ ಬೆರಳಿನ ಗುರುತಿತ್ತೆಂಬುದು ಪ್ರಯೋಗಾಲಯದ ವರದಿಯಿಂದ ಬಹಿರಂಗವಾಗಬೇಕು. ಮ್ಯಾಜಿಸ್ಟ್ರೇಟರ ವರದಿ ಕನ್ನಡದಲ್ಲಿ ಅಚ್ಚಾಗಿ ತಾಲ್ಲೂಕು ಕಚೇರಿಯಲ್ಲಿ ಯಾರು ಬೇಕಾದರೂ ಓದುವಂತಿರಬೇಕು. ಜಾತ್ರೆಗಳಲ್ಲಿ ಮಾರುವ ಬಂದೂಕುಗಳು ದೂರದಿಂದಲೇ ಆಟಿಕೆಯೆಂದು ತಿಳಿಯುವ ಬಣ್ಣದಲ್ಲಿದ್ದರೆ ಅದೂ ಒಳ್ಳೆಯದೇ.

ಪ್ರಜೆಗಳಾದ ನಮ್ಮ ಹೊಣೆಯೂ ಕಡಮೆಯದಲ್ಲ. ಹೂವೆರಚುವ ಕೈಗಳು ಇರುವವರೆಗೆ ವರದಿಯನ್ನು ಸರಿಯಾಗಿ ಬರೆಯಬೇಕೆಂಬ ಭಯ ಯಾರಿಗೂ ಇರದು. ಸರ್ಕಾರದ ಮಾತೆಲ್ಲ ಸುಳ್ಳೆಂದು ಮೊದಲೇ ನಿಶ್ಚಯಿಸುವುದೂ, ಎಲ್ಲ ನಿಜವೆಂದು ಕಣ್ಮುಚ್ಚಿ ನಂಬುವುದೂ ಒಂದೇ ಬಗೆಯ ಸೋಮಾರಿತನ. ಸಹಪಾಠಿಗಳೇ, ನಮ್ಮಲ್ಲಿ ಕೆಲವರು ಮುಂದೆ ಪೋಲೀಸ್ ಇಲಾಖೆಯ ಪರೀಕ್ಷೆಗೆ ಕುಳಿತುಕೊಳ್ಳುವವರು. ನಮ್ಮ ತರಗತಿಯಲ್ಲಿಯೇ ಈಗಾಗಲೇ ಅರ್ಜಿ ಹಾಕಿದವರಿದ್ದಾರೆ. ಇನ್ನು ಕೆಲವರು ಊರಿನಲ್ಲಿಯೇ ಉಳಿದು, ಒಂದು ದಿನ ಪಂಚರಾಗಿ ಕರೆಸಿಕೊಳ್ಳುವವರು. ನಮ್ಮ ತಂದೆತಾಯಿಗಳು ಓದದೆ ಹೆಬ್ಬೆಟ್ಟು ಒತ್ತಿದರು, ನಮ್ಮನ್ನು ಓದಿಸಿದರು. ಬರೆಯುವ ಸ್ಥಾನದಲ್ಲಿ ಕುಳಿತವರು ನಡೆದುದನ್ನೇ ಬರೆಯಲಿ. ಸಹಿ ಮಾಡುವ ಸ್ಥಾನದಲ್ಲಿ ನಿಂತವರು ಓದಿ ಸಹಿಮಾಡಲಿ. ಈ ಎರಡು ಕೆಲಸಗಳಿಗೆ ಆಯೋಗವೂ ಬೇಡ, ಹೊಸ ಕಾಯಿದೆಯೂ ಬೇಡ. ಪದವಿಯವರೆಗೆ ಓದಿದ ಓದು ಸಾಕು.